ಕಡಲೆಕಾಯಿ ಎಣ್ಣೆಯ ಗುಣವೂ ಬಿತ್ತನೆ ಬೀಜದ ಶುದ್ಧತೆಯೂ

ಕಡಲೆಕಾಯಿಯ ಹೊಸ ತಳಿಯ ಮಾತು ಬಂದೊಡನೆ, ಎಕರೆಗೆ ಎಷ್ಟು ಮೂಟೆ, ಬೀಜದಲ್ಲಿ ಎಷ್ಟು ಎಣ್ಣೆ ಎಂದು ರೈತರು ವಿಚಾರಿಸುವುದು ವಾಡಿಕೆ. ಆ ಎಣ್ಣೆಯು ಎಷ್ಟು ಕಾಲ ಕೆಡದೆ ನಿಲ್ಲುವುದೆಂದು ಕೇಳುವವರು ವಿರಳ. ಆದರೆ ತಳಿ ಸಂವರ್ಧಕರು ಈಚಿನ ದಶಕಗಳಲ್ಲಿ ಬಹಳವಾಗಿ ಶ್ರಮಿಸಿರುವುದು ಈ ವಿಷಯದಲ್ಲಿಯೇ.

ಕಡಲೆಕಾಯಿ ಎಣ್ಣೆಯಲ್ಲಿ ಓಲಿಯಿಕ್, ಲಿನೋಲಿಯಿಕ್ ಎಂಬ ಎರಡು ಮೇದಾಮ್ಲಗಳು ಪ್ರಧಾನವಾದುವು. ಎರಡನೆಯದು ಗಾಳಿಯ ಆಮ್ಲಜನಕದೊಡನೆ ಶೀಘ್ರವಾಗಿ ಕೂಡುವುದರಿಂದ ಎಣ್ಣೆಗೂ ಸುಲಿದಿಟ್ಟ ಬೀಜಕ್ಕೂ ಕಮಟು ಹತ್ತುತ್ತದೆ. ಗಿಡವು ಮೊದಲು ಓಲಿಯಿಕ್ ಆಮ್ಲವನ್ನು ತಯಾರಿಸಿ, ಅದರ ಒಂದು ಭಾಗವನ್ನು ಲಿನೋಲಿಯಿಕ್ ಆಗಿ ಮಾರ್ಪಡಿಸುತ್ತದೆ. ಈ ಮಾರ್ಪಾಡು ಬಹುಮಟ್ಟಿಗೆ ನಿಂತುಹೋಗಿದ್ದ ಒಂದು ಸಸ್ಯವಂಶವು ಅಮೆರಿಕೆಯ ಫ್ಲಾರಿಡಾದಲ್ಲಿ ದೊರೆತು, 1987ರಲ್ಲಿ ಅದರ ವಿವರವು ಪ್ರಕಟವಾಯಿತು. ಸಾಧಾರಣ ತಳಿಗಳಲ್ಲಿ ನೂರಕ್ಕೆ 40ರಿಂದ 50ರಷ್ಟಿರುವ ಓಲಿಯಿಕ್ ಆಮ್ಲವು ಅದರಲ್ಲಿ ಸುಮಾರು 80ರಷ್ಟಿತ್ತು. ಆ ಮೂಲದ ಸನ್‌ಓಲಿಯಿಕ್ 95ಆರ್ ತಳಿಯನ್ನು ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯವರು ಈ ದೇಶದ ಹವೆಗೆ ಒಗ್ಗುವ ತಳಿಯೊಡನೆ ಸಂಕರಿಸಿದರು. ಜುನಾಗಢದ ನೆಲಗಡಲೆ ಸಂಶೋಧನಾ ಕೇಂದ್ರದ ಸಹಯೋಗದಿಂದ ಗಿರ್ನಾರ್ 4 ಮತ್ತು ಗಿರ್ನಾರ್ 5 ಎಂಬ ತಳಿಗಳು 2020ರಲ್ಲಿ ಹೊರಬಂದುವು.

ಇಷ್ಟರಿಂದಲೇ ರೈತನಿಗೆ ಲಾಭವಾಯಿತೆಂದು ಭಾವಿಸುವುದು ತಪ್ಪು. ಈ ಗುಣವು ಕಣ್ಣಿಗೆ ಕಾಣುವುದಲ್ಲ. ಮಂಡಿಯಲ್ಲಿ ವರ್ತಕನು ಕಾಯಿಯ ತೂಕವನ್ನೂ ಬೀಜದ ಇಳುವರಿಯನ್ನೂ ನೋಡಿ ಬೆಲೆ ಕಟ್ಟಿ, ಎಲ್ಲವನ್ನೂ ಒಂದೇ ರಾಶಿಗೆ ಸುರಿದುಬಿಟ್ಟರೆ, ವಿಜ್ಞಾನಿಗಳ ಮೂವತ್ತು ವರ್ಷಗಳ ದುಡಿಮೆಯು ಆ ರಾಶಿಯಲ್ಲಿಯೇ ಕರಗಿಹೋಗುತ್ತದೆ. 80ರ ಎಣ್ಣೆಗೆ 40ರ ಎಣ್ಣೆಯನ್ನು ಸಮಭಾಗವಾಗಿ ಬೆರಸಿದರೆ ದೊರೆಯುವುದು 60 ಮಾತ್ರ.

ಕಡಲೆಕಾಯಿಯು ಬಹುಮಟ್ಟಿಗೆ ಸ್ವಪರಾಗದ ಬೆಳೆಯಾದುದರಿಂದ ರೈತನು ತನ್ನ ಬಿತ್ತನೆ ಬೀಜವನ್ನು ತಾನೇ ಉಳಿಸಿಕೊಳ್ಳಬಹುದು. ಇದು ದೊಡ್ಡ ಅನುಕೂಲ. ಇಲ್ಲಿ ಶತ್ರುವೆಂದರೆ ಬೆರಕೆ: ಹಳೆಯ ಬೆಳೆಯಿಂದ ಹೊಲದಲ್ಲಿ ಉಳಿದ ಕಾಯಿ ಮೊಳೆತು ತಾನಾಗಿ ಬಂದ ಗಿಡ, ಗುಡಿಸದ ಕಣ, ಕೊಡವದ ಗೋಣಿಚೀಲ. ಹಿಂದಿನ ಮುಂಗಾರಿನಲ್ಲಿ ಬೇರೆ ಕಡಲೆಕಾಯಿ ಇದ್ದ ಹೊಲವನ್ನು ಬಿಟ್ಟು ರಾಗಿಯ ಹೊಲವನ್ನು ಆರಿಸುವುದು ಲೇಸು.

ಚಳ್ಳಕೆರೆ, ಪಾವಗಡಗಳ ಸೀಮೆಯಲ್ಲಿ 1940ರ ಟಿ.ಎಂ.ವಿ. 2 ತಳಿಯನ್ನು ರೈತರು ಬಹುಕಾಲ ಬಿಡದೆ ಬಿತ್ತುತ್ತ ಬಂದುದನ್ನು ಕೆಲವರು ಅಜ್ಞಾನವೆನ್ನುತ್ತಾರೆ. ಆ ಮಾತು ನ್ಯಾಯವಲ್ಲ. ಮಳೆಯನ್ನೇ ನಂಬಿದವನು ತಾನು ಕಂಡರಿತ ಬೀಜವನ್ನು ಸುಲಭವಾಗಿ ಕೈಬಿಡನು. ಎರಡೆಕರೆಯ ರೈತನು ಪ್ರತ್ಯೇಕ ಕಣ, ಪ್ರತ್ಯೇಕ ಮೂಟೆಗಳ ಕಷ್ಟವನ್ನು ಹೆಚ್ಚಿನ ಬೆಲೆಯಿಲ್ಲದೆ ಹೊರಬೇಕೆಂದು ಯಾರೂ ಒತ್ತಾಯಿಸತಕ್ಕದ್ದಲ್ಲ. ಮೊದಲ ಹೆಜ್ಜೆಯನ್ನು ಭೂಮಾಲೀಕರು ಇಡಬೇಕು. ಗ್ರಾಮದ ಯಜಮಾನರು ಒಂದು ಬಯಲಿನ ರೈತರನ್ನೆಲ್ಲ ಒಂದೇ ತಳಿಗೆ ಒಪ್ಪಿಸಿ, ಬಿತ್ತನೆಗೆ ಮೊದಲೇ ಎಣ್ಣೆ ಗಿರಣಿಯವರಿಂದಲೋ ಮಿಠಾಯಿ ತಯಾರಕರಿಂದಲೋ ಹೆಚ್ಚಿನ ಬೆಲೆಯನ್ನು ಬರವಣಿಗೆಯಲ್ಲಿ ಪಡೆಯಲಿ. ಬೀಜವನ್ನು ಅರೆಯದೆಯೇ ಅತಿರಕ್ತ ಕಿರಣದಿಂದ ಈ ಗುಣವನ್ನು ಅಳೆಯುವ ಯಂತ್ರಗಳು ಉಂಟು. ಅವು ಸಂಶೋಧನಾಲಯದಲ್ಲಿ ಮಾತ್ರವಲ್ಲದೆ ಮಂಡಿಯ ತಕ್ಕಡಿಯ ಪಕ್ಕದಲ್ಲಿಯೂ ಇರಬೇಕೆಂದು ಯಜಮಾನರು ಇಲಾಖೆಯನ್ನು ಕೇಳುವುದು ಉಚಿತವಾಗಿದೆ.