ಒಂದು ಲಕ್ಷ ಡಾಲರ್ ಅಂದ್ರ ಎಷ್ಟು? ಡಲ್ಲಾಸ್‌ ಮತ್ತು ಟೊರೊಂಟೊ ಲೆಕ್ಕ

ಈ ಸಲದ ಪ್ರಶ್ನೆ ಲಕ್ಷ್ಮೇಶ್ವರದ ಒಬ್ಬ ತಾಯಿಯದು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಅವರು ಬರೆದದ್ದು ಇಷ್ಟು: "ತಮ್ಮಾ, ನನ್ನ ಮಗಗ ಕಂಪನಿಯವರು ಎರಡು ಊರು ತೋರ್ಸ್ಯಾರ. ಒಂದು ಅಮೆರಿಕಾದ ಡಲ್ಲಾಸ್, ಇನ್ನೊಂದು ಕೆನಡಾದ ಟೊರೊಂಟೊ. ಎರಡೂ ಕಡೆ ವರ್ಷಕ್ಕ ಒಂದು ಲಕ್ಷ ಡಾಲರ್ ಪಗಾರ ಅಂತ. ಕೆನಡಾದಾಗ ಟ್ಯಾಕ್ಸ್ ಭಾಳ ಅಂತಾರ, ಅಮೆರಿಕಾದಾಗ ದವಾಖಾನಿ ಖರ್ಚ ಭಾಳ ಅಂತಾರ. ಸೊಸಿಗೆ ಈಗ ಐದು ತಿಂಗಳು. ಮನಿ ಸಾಲ, ಓದಿನ ಸಾಲ ಸೇರಿ ತಿಂಗಳಿಗೆ 40 ಸಾವಿರ ಕಂತು ಐತಿ. ಊರಾಗ ನಾನೊಬ್ಬಾಕಿನ. ಯಾವುದು ಬೇಷು ಹೇಳು."

ಗಡಿ ದಾಟಿದರೆ ಕರ ಬದಲಾಗುತ್ತದೆ ಅನ್ನುವುದು ನಮ್ಮ ಭಾಗಕ್ಕೆ ಹೊಸ ಮಾತಲ್ಲ. 1948ರ ತನಕ ಗದಗ-ಬೆಟಗೇರಿ ಮುಂಬೈ ಪ್ರಾಂತ್ಯದ್ದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಒಂದು ದಿನದ ಚಕ್ಕಡಿ ಹಾದಿಯಲ್ಲಿ ಮೂರು ಸರಕಾರ. ಈಗ ನಮ್ಮ ಹುಡುಗರು ಇನ್ನಷ್ಟು ದೂರದ ಎರಡು ನೆರೆಯ ದೇಶಗಳ ನಡುವೆ ಆರಿಸಬೇಕಾಗಿದೆ, ಅಷ್ಟೇ.

ನಾನು ಚಾರ್ಟರ್ಡ್ ಅಕೌಂಟೆಂಟ್ ಅಲ್ಲ. ಓದಿದ್ದು ಇಂಜಿನಿಯರಿಂಗ್, ಮಾಡೋದು ಸಾಫ್ಟ್‌ವೇರ್. ಆದರೆ ಎರಡೂ ದೇಶಗಳ ತೆರಿಗೆ ದರಗಳು ಬಹಿರಂಗವಾಗಿವೆ, ಎಕ್ಸೆಲ್ ಹಾಳೆ ಎಲ್ಲರ ಹತ್ತಿರ ಇದೆ. 2024ರ ದರ ಹಿಡಿದು ಲೆಕ್ಕ ಹಾಕಿದ್ದೇನೆ. ಹಂತಹಂತವಾಗಿ ನೋಡೋಣ.

ಮೊದಲು ತೆರಿಗೆ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಕೆನಡಾದಲ್ಲಿ ಅರ್ಧ ಪಗಾರ ಟ್ಯಾಕ್ಸಿಗೇ ಹೋಗುತ್ತದೆ" ಅನ್ನುವವರು ಸ್ಲ್ಯಾಬ್ ಮರೆತು ಮಾತಾಡುತ್ತಾರೆ. ನಮ್ಮಲ್ಲಿ ಹೇಗೋ ಅಲ್ಲೂ ಹಾಗೇ: ಮೇಲಿನ ದರ ಮೇಲಿನ ಭಾಗಕ್ಕೆ ಮಾತ್ರ, ಇಡೀ ಪಗಾರಕ್ಕಲ್ಲ.

ಒಬ್ಬಂಟಿ ಹುಡುಗನ ಲೆಕ್ಕ ತೆಗೆದುಕೊಳ್ಳಿ. ಡಲ್ಲಾಸ್ ಇರುವುದು ಟೆಕ್ಸಾಸ್ ರಾಜ್ಯದಲ್ಲಿ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಕೇಂದ್ರದ್ದು ಮಾತ್ರ. ಒಂದು ಲಕ್ಷದಲ್ಲಿ 14,600 ಡಾಲರ್ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಉಳಿದದ್ದಕ್ಕೆ ಸುಮಾರು 13,840 ತೆರಿಗೆ. ಜೊತೆಗೆ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಸೇರಿ 7,650. ಒಟ್ಟು 21,500ರ ಹತ್ತಿರ.

ಟೊರೊಂಟೊ ಇರುವುದು ಒಂಟಾರಿಯೊ ಪ್ರಾಂತ್ಯದಲ್ಲಿ. ಅಲ್ಲಿ ಕೇಂದ್ರಕ್ಕೂ ಕೊಡಬೇಕು, ಪ್ರಾಂತ್ಯಕ್ಕೂ ಕೊಡಬೇಕು. ಕೇಂದ್ರದ್ದು 14 ಸಾವಿರ, ಪ್ರಾಂತ್ಯದ್ದು 7 ಸಾವಿರ, ಪಿಂಚಣಿ ಮತ್ತು ನಿರುದ್ಯೋಗ ವಿಮೆಯ ವಂತಿಗೆ 5,100. ಒಟ್ಟು 26 ಸಾವಿರ ಚಿಲ್ಲರೆ. ಅಂದರೆ ನೂರಕ್ಕೆ 26. ಅರ್ಧ ಅಲ್ಲ. ಎರಡೂ ಊರಿನ ಅಂತರ ನೂರಕ್ಕೆ ನಾಲ್ಕೂವರೆ.

ಈಗ ಈ ತಾಯಿಯ ಮಗನ ಹಾಗೆ ಸಂಸಾರಸ್ಥನ ಲೆಕ್ಕ. ಹೆಂಡತಿಗೆ ಆದಾಯ ಇಲ್ಲ, ಒಂದು ಕೂಸು ಇದೆ ಅಂತ ಹಿಡಿಯೋಣ. ಅಮೆರಿಕದಲ್ಲಿ ಗಂಡ-ಹೆಂಡತಿ ಸೇರಿ ಒಂದೇ ರಿಟರ್ನ್ ತುಂಬಬಹುದು, ಡಿಡಕ್ಷನ್ ಎರಡು ಪಟ್ಟಾಗುತ್ತದೆ. ವೀಸಾದ ಮೇಲೆ ಹೋದ ಕೂಸಿಗೆ 500 ಡಾಲರ್ ರಿಯಾಯಿತಿ. ತೆರಿಗೆ, ವಂತಿಗೆ ಸೇರಿ 15,200ರ ಹತ್ತಿರ ಬರುತ್ತದೆ. ಕೆನಡಾದಲ್ಲಿ ಜಂಟಿ ರಿಟರ್ನ್ ಇಲ್ಲ, ಆದರೆ ದುಡಿಯದ ಹೆಂಡತಿಗೆ ಅಂತ ಒಂದು ವಿನಾಯಿತಿ ಇದೆ. ಒಟ್ಟು 23 ಸಾವಿರ ಚಿಲ್ಲರೆ.

ಅಂತರ 8 ಸಾವಿರ. ಕೆನಡಾ ಸೋತಿತು ಅಂತ ಅನಿಸುತ್ತದೆ. ಸ್ವಲ್ಪ ತಡೀರಿ.

ದವಾಖಾನಿ ಲೆಕ್ಕ

ಅಮೆರಿಕದಲ್ಲಿ ಆರೋಗ್ಯ ವಿಮೆ ತೆರಿಗೆಯಲ್ಲಿ ಸೇರಿಲ್ಲ. ಕಂಪನಿ ಬಹುಪಾಲು ಕಟ್ಟಿದರೂ, ಕುಟುಂಬದ ವಿಮೆಗೆ ನೌಕರನ ಪಗಾರದಿಂದ ಹೋಗುವುದು 2024ರಲ್ಲಿ ಸರಾಸರಿ ವರ್ಷಕ್ಕೆ 6,300 ಡಾಲರ್. ಇದನ್ನು ಕೂಡಿಸಿದರೆ 15,200 ಹೋಗಿ 21,500 ಆಗುತ್ತದೆ. ಒಂಟಾರಿಯೊದಲ್ಲಿ ಪೂರ್ಣಾವಧಿ ಕೆಲಸದ ಪರ್ಮಿಟ್ ಇದ್ದವರಿಗೂ ಅವರ ಮನೆಯವರಿಗೂ ಪ್ರಾಂತ್ಯದ ಆರೋಗ್ಯ ಕಾರ್ಡು ಸಿಗುತ್ತದೆ. ಡಾಕ್ಟರ್ ಫೀ ಇಲ್ಲ, ಆಸ್ಪತ್ರೆ ಬಿಲ್ ಇಲ್ಲ. ಹಲ್ಲು, ಕನ್ನಡಕ, ಔಷಧಿ ಮಾತ್ರ ಹೊರಗೆ. ಅದಕ್ಕೆ ಕಂಪನಿ ವಿಮೆ ನೋಡಬೇಕು.

ಕಂತು ಕಟ್ಟಿದ ಮೇಲೂ ಅಮೆರಿಕದಲ್ಲಿ ಲೆಕ್ಕ ಮುಗಿಯುವುದಿಲ್ಲ. ಆಸ್ಪತ್ರೆಗೆ ಹೋದಾಗ ಮೊದಲ ಒಂದಷ್ಟು ನಿಮ್ಮ ಕಿಸೆಯಿಂದಲೇ. ವರ್ಷಕ್ಕೆ ನೀವು ಕೈಯಿಂದ ಕೊಡಬೇಕಾದ ಮೊತ್ತಕ್ಕೆ ಕಾನೂನಿನ ಗರಿಷ್ಠ ಮಿತಿ 2024ರಲ್ಲಿ ಒಬ್ಬರಿಗೆ 9,450, ಕುಟುಂಬಕ್ಕೆ 18,900 ಡಾಲರ್. ಎಲ್ಲರಿಗೂ ಅಷ್ಟು ಬರುವುದಿಲ್ಲ. ಆದರೆ ಹೆರಿಗೆ ಇರುವ ವರ್ಷ ಸಾವಿರಗಳಲ್ಲಿ ಬರುತ್ತದೆ. ಮಗನ ಆಫರ್ ಕಾಗದದಲ್ಲಿ ಪಗಾರದ ಕೆಳಗೆ ವಿಮೆಯ ಪುಟ ಇರುತ್ತದೆ. ಅದರಲ್ಲಿ ಡಿಡಕ್ಟಿಬಲ್ ಎಷ್ಟು ಅಂತ ಬರೆದಿರುತ್ತದೆ. ಅದನ್ನು ಓದಿಸಿ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ. ಹಾಗೆ ಮಾಡಿದರೆ ಈ ಖರ್ಚು ಈ ಸಲ ಬರುವುದಿಲ್ಲ. ಹೆರಿಗೆ ಇಲ್ಲೇ ಆಗಿ, ಕೂಸು ಸ್ವಲ್ಪ ಗಟ್ಟಿಯಾದ ಮೇಲೆ ತಾಯಿ-ಮಗು ಹೋಗುವುದು ಹಣದ ಲೆಕ್ಕದಲ್ಲೂ ಒಳ್ಳೆಯದೇ.

ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಎಲ್ಲರೂ ಹಾಕುವುದು, ಬಿದ್ದವನು ಎತ್ತಿಕೊಳ್ಳುವುದು. ಕೆನಡಾದ ತೆರಿಗೆಯನ್ನು ಹೀಗೆ ತಿಳಿಯಿರಿ. ಅಮೆರಿಕದ್ದು ಅವರವರ ಡಬ್ಬಿ ಅವರವರಿಗೆ. ಗಟ್ಟಿಮುಟ್ಟಾದ ಒಬ್ಬಂಟಿಗೆ ಎರಡನೆಯದು ಲಾಭ. ಮಕ್ಕಳೊಂದಿಗನಿಗೆ, ರೋಗಸ್ಥನಿಗೆ ಮೊದಲನೆಯದು.

ಮಕ್ಕಳ ಹಣವೂ ಇದೆ. ಕೆನಡಾ ಸರಕಾರ ಆರು ವರ್ಷದೊಳಗಿನ ಕೂಸಿಗೆ ಪ್ರತಿ ತಿಂಗಳು ಹಣ ಹಾಕುತ್ತದೆ. ಒಂದು ಲಕ್ಷ ಆದಾಯದ ಮನೆಗೆ ವರ್ಷಕ್ಕೆ ಸುಮಾರು 4,100 ಡಾಲರ್. ಆದರೆ ಕೆಲಸದ ಪರ್ಮಿಟ್ ಮೇಲೆ ಇರುವವರಿಗೆ ಮೊದಲ 18 ತಿಂಗಳು ಸಿಗುವುದಿಲ್ಲ. ಆಮೇಲೆ ಸಿಗತೊಡಗಿದಾಗ ಕೆನಡಾದ ಭಾರ 19 ಸಾವಿರಕ್ಕೆ ಇಳಿಯುತ್ತದೆ, ಅಮೆರಿಕದ 21,500ಕ್ಕಿಂತ ಕಡಿಮೆ. ಒಂಟಾರಿಯೊದಲ್ಲಿ ಸರಕಾರದ ಯೋಜನೆಗೆ ಸೇರಿದ ಶಿಶುವಿಹಾರದ ಫೀ 2025ರಿಂದ ದಿನಕ್ಕೆ 22 ಡಾಲರ್ ಮೀರುವಂತಿಲ್ಲ; ಸೀಟು ಸಿಗುವುದು ಕಷ್ಟ ಅನ್ನುವುದು ಬೇರೆ ಮಾತು. ಡಲ್ಲಾಸ್ ಕಡೆ ಕೂಸಿನ ಡೇಕೇರ್ ತಿಂಗಳಿಗೆ ಸಾವಿರ ಡಾಲರ್ ದಾಟುತ್ತದೆ.

ಹಾಗಾದರೆ ಎರಡೂ ಸಮಾನವೇ? ತೆರಿಗೆ ಮಟ್ಟಿಗೆ ಹೆಚ್ಚೂಕಡಿಮೆ ಹೌದು. ಅಸಲಿ ಅಂತರ ಇರುವುದು ಬೇರೆ ಎರಡು ಕಡೆ.

ಡಾಲರ್‌ನೊಳಗ ಡಾಲರ್

"ಎರಡೂ ಕಡೆ ಒಂದು ಲಕ್ಷ ಡಾಲರ್" ಅನ್ನುವಲ್ಲೇ ತೊಡಕು ಇದೆ. ಅಮೆರಿಕದ ಡಾಲರ್ 2024ರಲ್ಲಿ ಸರಾಸರಿ ಸುಮಾರು 84 ರೂಪಾಯಿ, ಕೆನಡಾದ್ದು 61. ಅಲ್ಲೇ ದುಡಿದು ಅಲ್ಲೇ ಉಂಡರೆ ಇದು ಅಷ್ಟು ಮುಖ್ಯವಲ್ಲ. ಆದರೆ ಸಾಲ ರೂಪಾಯಿಯಲ್ಲಿದೆ! ತಿಂಗಳಿಗೆ 40 ಸಾವಿರ ಕಂತು ಕಳಿಸಲು ಡಲ್ಲಾಸ್‌ನಿಂದ 476 ಡಾಲರ್ ಸಾಕು, ಟೊರೊಂಟೊದಿಂದ 656 ಬೇಕು. ವರ್ಷಕ್ಕೆ 2,100ಕ್ಕೂ ಹೆಚ್ಚು ವ್ಯತ್ಯಾಸ.

ಎರಡನೆಯದು ಬಾಡಿಗಿ. ಟೊರೊಂಟೊ ನಗರದಲ್ಲಿ ಎರಡು ಬೆಡ್‌ರೂಮ್ ಮನೆಗೆ ತಿಂಗಳಿಗೆ 3,000 ಕೆನಡಾ ಡಾಲರ್ ಆಸುಪಾಸು. ಡಲ್ಲಾಸ್ ಸುತ್ತಿನ ಇರ್ವಿಂಗ್, ಪ್ಲೇನೊದಲ್ಲಿ 1,800 ಅಮೆರಿಕ ಡಾಲರ್‌ಗೆ ಸಿಗುತ್ತದೆ. ವರ್ಷಕ್ಕೆ ಅಂತರ 14,400. ಮೇಲೆ ನಾವು ತಲೆಕೆಡಿಸಿಕೊಂಡ ತೆರಿಗೆ ವ್ಯತ್ಯಾಸವನ್ನೆಲ್ಲ ಇದೊಂದೇ ನುಂಗಿ ಹಾಕುತ್ತದೆ. ಅದಕ್ಕೇ ಹೊಸದಾಗಿ ಹೋದ ನಮ್ಮವರು ಬ್ರಾಂಪ್ಟನ್, ಮಿಸಿಸಾಗಾ ಕಡೆ ಯಾರದೋ ಮನೆಯ ಬೇಸ್‌ಮೆಂಟ್ ಹಿಡಿಯುತ್ತಾರೆ. ಕಿಟಕಿ ಸಣ್ಣದು, ಬಾಡಿಗಿ ಕಡಿಮೆ.

ಕಾರಿನ ವಿಷಯದಲ್ಲಿ ಮಾತ್ರ ಟೊರೊಂಟೊ ಮೇಲು. ನಗರದೊಳಗೆ ಬಸ್ಸು-ಮೆಟ್ರೊ ತಿಂಗಳ ಪಾಸು 156 ಡಾಲರ್‌ಗೆ ಬದುಕು ನಡೆಯುತ್ತದೆ. ಡಲ್ಲಾಸ್‌ನಲ್ಲಿ ಹಾಲು ತರಲಿಕ್ಕೂ ಕಾರು ಬೇಕು. ಆದರೆ ಬ್ರಾಂಪ್ಟನ್‌ಗೆ ಹೋದರೆ ಈ ಲಾಭವೂ ಹೋಯಿತು. ಕಾರಿನ ವಿಮೆ ಇಡೀ ಒಂಟಾರಿಯೊದಲ್ಲೇ ತುಟ್ಟಿಯಾದ ಊರುಗಳಲ್ಲಿ ಅದೂ ಒಂದು. ಅಂಗಡಿಯಲ್ಲಿ ಸಾಮಾನು ಕೊಂಡರೆ ಒಂಟಾರಿಯೊದಲ್ಲಿ ನೂರಕ್ಕೆ 13 ಮಾರಾಟ ತೆರಿಗೆ, ಡಲ್ಲಾಸ್‌ನಲ್ಲಿ 8.25. ಅಕ್ಕಿ, ಬೇಳೆ, ಉಳ್ಳಾಗಡ್ಡಿಗೆ ಎರಡೂ ಕಡೆ ತೆರಿಗೆ ಇಲ್ಲ.

ತೆರಿಗೆ, ವಿಮೆ, ಬಾಡಿಗಿ ಕಳೆದು ಮೊದಲ ವರ್ಷ ಕೈಯಲ್ಲಿ ಉಳಿಯುವುದು ಡಲ್ಲಾಸ್‌ನಲ್ಲಿ ಸುಮಾರು 57 ಸಾವಿರ ಅಮೆರಿಕ ಡಾಲರ್, ಟೊರೊಂಟೊದಲ್ಲಿ ಸುಮಾರು 41 ಸಾವಿರ ಕೆನಡಾ ಡಾಲರ್. ಇದರಲ್ಲಿ ಊಟ, ಕಾರು, ಕೂಸಿನ ಖರ್ಚು ಎಲ್ಲ ಆಗಬೇಕು. ಸಾಲ ತೀರಿಸುವುದೊಂದೇ ಗುರಿಯಾದರೆ ಉತ್ತರ ಸ್ಪಷ್ಟ: ಡಲ್ಲಾಸ್.

ಎಕ್ಸೆಲ್‌ನಲ್ಲಿ ಹಿಡಿಯದ್ದು

ಆದರೆ ತಾಯಿ, ನಿಮ್ಮ ಪತ್ರದ ಕೊನೆಯ ಸಾಲು "ಊರಾಗ ನಾನೊಬ್ಬಾಕಿನ" ಅಂತ ಇದೆ. ನನಗೆ ಅದೇ ಮುಖ್ಯ ಸಾಲು ಅನಿಸಿತು.

ಕಂಪನಿ ವೀಸಾದ ಮೇಲೆ ಅಮೆರಿಕದಲ್ಲಿ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆ ದಾರಿ ಹುಡುಕಬೇಕು, ಇಲ್ಲ ದೇಶ ಬಿಡಬೇಕು. ಗ್ರೀನ್ ಕಾರ್ಡಿಗೆ ಒಂದೊಂದು ದೇಶಕ್ಕೆ ನೂರಕ್ಕೆ 7ರ ಮಿತಿ ಇದೆ; ಉದ್ಯೋಗದ ಮೇಲೆ ಅರ್ಜಿ ಹಾಕಿದ ಭಾರತೀಯರ ಸಾಲು ಹತ್ತು ವರ್ಷ ಮೀರಿ ಬೆಳೆದಿದೆ. ಅಷ್ಟು ವರ್ಷವೂ ನಿಮ್ಮನ್ನು ಕರೆಸಿಕೊಳ್ಳುವುದು ಪ್ರವಾಸಿ ವೀಸಾದ ಮೇಲೆ, ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳು.

ಕೆನಡಾದಲ್ಲಿ ಒಂದು ವರ್ಷ ಕೆಲಸ ಮಾಡಿದ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕುವ ದಾರಿ ಇದೆ. ಈಚೆಗೆ ಅದಕ್ಕೆ ಬೇಕಾದ ಅಂಕ ಬಹಳ ಏರಿದೆ, ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ. ಸಿಕ್ಕರೆ ಮಾತ್ರ ತಂದೆ-ತಾಯಿಗೆ ಸೂಪರ್ ವೀಸಾ ಇದೆ: ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು, ಆರೋಗ್ಯ ವಿಮೆ ಮಾತ್ರ ನಾವೇ ಮಾಡಿಸಬೇಕು.

ಹಾಗಾಗಿ ಮಗನಿಗೆ ಕೇಳಬೇಕಾದ ಪ್ರಶ್ನೆ "ತೆರಿಗೆ ಎಷ್ಟು" ಅಂತಲ್ಲ, "ಎಷ್ಟು ವರ್ಷಕ್ಕೆ ಹೊಂಟಿ" ಅಂತ. ನಾಲ್ಕೈದು ವರ್ಷ ದುಡಿದು, ಸಾಲ ಹರಿದು, ಗದಗಿಗೋ ಹುಬ್ಬಳ್ಳಿಗೋ ಬೆಂಗಳೂರಿಗೋ ಬರುವವನಾದರೆ ಡಲ್ಲಾಸ್. ಅಲ್ಲೇ ನೆಲೆಸಿ ನಿಮ್ಮನ್ನೂ ಕರೆಸಿಕೊಳ್ಳುವ ಮನಸ್ಸಿದ್ದರೆ, ಸಾಲ ನಿಧಾನಕ್ಕೆ ತೀರಿದರೂ ಟೊರೊಂಟೊ. ಈ ಮಾತು ವಿಮಾನ ಹತ್ತುವ ಮುಂಚೆ, ಸೊಸೆಯನ್ನೂ ಕೂರಿಸಿಕೊಂಡು ಆಗಬೇಕು. ಅವಳಿಗೂ ಒಂದು ನೌಕರಿಯ ಆಸೆ ಇರಬಹುದು. ಕಂಪನಿ ವರ್ಗಾವಣೆಯ ಎಲ್-1 ವೀಸಾ ಆದರೆ ಹೆಂಡತಿ ಅಮೆರಿಕದಲ್ಲಿ ದುಡಿಯಬಹುದು. ಎಚ್-1ಬಿ ಆದರೆ ಬಹಳ ಮಂದಿಗೆ ಆಗುವುದಿಲ್ಲ. ಕೆನಡಾದಲ್ಲಿ ಸಾಫ್ಟ್‌ವೇರ್ ನೌಕರನ ಹೆಂಡತಿಗೆ ಸಾಮಾನ್ಯವಾಗಿ ಕೆಲಸದ ಪರ್ಮಿಟ್ ಸಿಗುತ್ತದೆ.

ಕೊನೆಗೆ ಊರಿನ ಆಸ್ತಿ ಬಗ್ಗೆ ಒಂದು ಎಚ್ಚರ. ಎರಡೂ ದೇಶ ಅಲ್ಲಿ ನೆಲೆಸಿದವರ ಇಡೀ ಜಗತ್ತಿನ ಆದಾಯ ಕೇಳುತ್ತವೆ. ಹೊಲದ ಉತ್ಪನ್ನಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ. ಆದರೆ ಹೊಲ ಮಗನ ಹೆಸರಿಗಿದ್ದು ಹೆಸರು-ಮೆಣಸಿನಕಾಯಿ ಮಾರಿದ ರೊಕ್ಕ ಅವನದಾದರೆ ಅಲ್ಲಿ ತೋರಿಸಬೇಕು. ನಿಮ್ಮ ಬ್ಯಾಂಕ್ ಎಫ್‌ಡಿಯಲ್ಲಿ ಅವನದು ಜಂಟಿ ಹೆಸರಿದೆಯೇ ನೋಡಿ. ವಿದೇಶಿ ಖಾತೆಗಳಲ್ಲಿ ಎಲ್ಲ ಸೇರಿ 10 ಸಾವಿರ ಡಾಲರ್ ದಾಟಿದರೆ ಅಮೆರಿಕದಲ್ಲಿ ಪ್ರತ್ಯೇಕ ಫಾರ್ಮ್ ತುಂಬಬೇಕು, ಜಂಟಿ ಖಾತೆಯೂ ಲೆಕ್ಕಕ್ಕೆ ಬರುತ್ತದೆ. ತುಂಬದಿದ್ದರೆ ದಂಡ ಜೋರು.

ದರಗಳು ವರ್ಷವರ್ಷ ಬದಲಾಗುತ್ತವೆ. ಕೆನಡಾದ ಕೆಳಗಿನ ಸ್ಲ್ಯಾಬ್ 2025ರ ಜುಲೈನಿಂದ ನೂರಕ್ಕೆ 15ರಿಂದ 14ಕ್ಕೆ ಇಳಿದಿದೆ. ಸಹಿ ಹಾಕುವ ಮುಂಚೆ ಆ ವರ್ಷದ ದರ ಹಾಕಿ ಮತ್ತೊಮ್ಮೆ ಲೆಕ್ಕ ಮಾಡಿಸಿ.

ಮುಂದಿನ ಸಲ: ಮಗ ಹೊರದೇಶಕ್ಕೆ ಹೋದ ಮೇಲೆ ಅವನ ಇಲ್ಲಿನ ಬ್ಯಾಂಕ್ ಖಾತೆ ಏನು ಮಾಡಬೇಕು? ಎನ್‌ಆರ್‌ಇ, ಎನ್‌ಆರ್‌ಒ ಅಂದರೇನು? ಮುಂಡರಗಿಯಿಂದ ಮೂವರು ಕೇಳಿದ್ದಾರೆ.