ಆಟದ ಬೆಲೆ, ಆಟಗಾರರ ತೀರ್ಪು

ವಿಡಿಯೊ ಗೇಮ್ ಎಂದೊಡನೆ ನಮ್ಮ ಪೀಳಿಗೆಯವರು ಹುಬ್ಬು ಗಂಟಿಕ್ಕುತ್ತೇವೆ. ಕಾಲಹರಣ, ಕಣ್ಣಿಗೆ ಕೇಡು, ಓದಿಗೆ ಶತ್ರು ಎಂಬುದು ನಮ್ಮ ಸಿದ್ಧ ತೀರ್ಮಾನ. ನಾನೂ ಇದಕ್ಕೆ ಹೊರತಾಗಿರಲಿಲ್ಲ. ರಜೆಗೆ ಬಂದ ಮೊಮ್ಮಗ ‘ಟವರ್ ಡಿಫೆನ್ಸ್’ ಎಂಬ ಬಗೆಯ ಆಟವನ್ನು ಕಲಿಸಿದ ಮೇಲೆ, ಅಂಥ ಆಟಗಳ ಬಗ್ಗೆ ಆಟಗಾರರೇ ಬರೆದ ಅಭಿಪ್ರಾಯಗಳನ್ನು ಓದಿದ ಮೇಲೆ, ಆ ತೀರ್ಮಾನವನ್ನು ತಿದ್ದಿಕೊಳ್ಳಬೇಕಾಯಿತು.

ಆಟ ಸರಳವಾದುದು. ಶತ್ರುಗಳು ಅಲೆಅಲೆಯಾಗಿ ಬರುತ್ತಾರೆ; ಅವರನ್ನು ತಡೆಯಲು ಕಾವಲು ಗೋಪುರಗಳನ್ನು ಕಟ್ಟಬೇಕು. ಪ್ರತಿ ಗೋಪುರಕ್ಕೂ ಬೆಲೆಯುಂಟು, ಕೈಯಲ್ಲಿರುವ ಹಣ ಮಾತ್ರ ಮಿತವಾದುದು. ಹೊಸದೊಂದನ್ನು ಕಟ್ಟಬೇಕೋ, ಇರುವುದನ್ನೇ ಬಲಪಡಿಸಬೇಕೋ? ಒಂದನ್ನು ಆರಿಸಿದರೆ ಇನ್ನೊಂದನ್ನು ಬಿಡಬೇಕು. ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’ ಎನ್ನುವುದು ಇದನ್ನೇ. ಮುಂಗಡಪತ್ರದ ಕಡತಗಳ ಮುಂದೆ ವರ್ಷಗಟ್ಟಲೆ ಕುಳಿತವನಿಗೆ ಈ ಇಕ್ಕಟ್ಟು ಅಪರಿಚಿತವೇನಲ್ಲ.

2007ರಲ್ಲಿ ಪಾಲ್ ಪ್ರೀಸ್ ರೂಪಿಸಿದ ‘ಡೆಸ್ಕ್‌ಟಾಪ್ ಟವರ್ ಡಿಫೆನ್ಸ್’ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ರಣರಂಗವೆಂದರೆ ಕಚೇರಿಯ ಮೇಜು. ಚಿತ್ರಗಳು ಕೈಯಲ್ಲಿ ಗೀಚಿದಂತಿದ್ದವು. ಶತ್ರುವಿಗೆ ಸಿದ್ಧ ದಾರಿಯಿರಲಿಲ್ಲ; ನಾವು ಕಟ್ಟಿದ ಗೋಪುರಗಳೇ ಗೋಡೆಯಾಗಿ ಅವನನ್ನು ಸುತ್ತಿಬಳಸಿ ನಡೆಸಬೇಕಿತ್ತು. ಇಂಥ ಸರಳ ಆಟಗಳಲ್ಲಿ ಆಟಗಾರರು ಮೆಚ್ಚುವುದು ಚಿತ್ರದ ಬೆಡಗನ್ನಲ್ಲ. ನಿಯಮ ಬೇಗ ತಿಳಿಯುತ್ತದೆ, ಸೋತರೆ ತಪ್ಪು ತಮ್ಮದೇ ಎಂಬುದೇ ಅವರ ಮೆಚ್ಚುಗೆಗೆ ಕಾರಣ. ಆಕ್ಷೇಪಣೆಗಳೂ ಇಲ್ಲದಿಲ್ಲ. ಗೆಲ್ಲುವ ವಿನ್ಯಾಸ ಒಮ್ಮೆ ಸಿಕ್ಕಿತೆಂದರೆ ಉಳಿದದ್ದು ಬರಿಯ ಕಾಯುವಿಕೆ ಎಂಬ ದೂರು ನ್ಯಾಯವಾದುದೇ.

ಆದರೆ ಅವರ ನಿಷ್ಠುರ ನುಡಿಗಳು ಬೇರೊಂದು ಕಾರಣಕ್ಕೆ ಮೀಸಲು. 2009ರಲ್ಲಿ ಬಂದ ‘ಪ್ಲಾಂಟ್ಸ್ ವರ್ಸಸ್ ಜಾಂಬೀಸ್’ ಆಟವನ್ನು ಒಮ್ಮೆ ಕೊಂಡರೆ ಮುಗಿಯಿತು. ಅದನ್ನು ತಯಾರಿಸಿದ ಪಾಪ್‌ಕ್ಯಾಪ್ ಸಂಸ್ಥೆಯನ್ನು 2011ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಖರೀದಿಸಿತು. 2013ರಲ್ಲಿ ಬಂದ ಎರಡನೆಯ ಆವೃತ್ತಿ ಉಚಿತವಾಗಿತ್ತು. ಆದರೆ ಮೊದಲ ಆಟದಲ್ಲಿ ಆಡುತ್ತಲೇ ಗಳಿಸಬಹುದಾಗಿದ್ದ ಕೆಲವು ಗಿಡಗಳಿಗೆ ನಿಜವಾದ ಹಣ ತೆರಬೇಕಾಯಿತು. ಹಣ ಕೊಡದೆಯೂ ಆಡಬಹುದೆಂದು ಕೆಲವರು ಸಮರ್ಥಿಸಿಕೊಂಡರು. ಹಲವು ಹಳೆಯ ಅಭಿಮಾನಿಗಳಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರ ಅಸಮಾಧಾನದಲ್ಲಿ ಅರ್ಥವಿದೆ. ಆಟದೊಳಗಿನ ಕೊರತೆ ವಿವೇಚನೆಯನ್ನು ಕಲಿಸುತ್ತದೆ. ಆ ಕೊರತೆಯನ್ನೇ ಮಾರಾಟಕ್ಕಿಟ್ಟರೆ ಅದು ವರ್ತಕನ ಕೈಯ ಸಾಧನವಾಗುತ್ತದೆ.

ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣವನ್ನು ಪಣಕ್ಕಿಟ್ಟು ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆ ಹಾಗೂ ಮನರಂಜನೆಯ ಆಟಗಳನ್ನು ಪ್ರತ್ಯೇಕವಾಗಿ ಪರಿಗಣಿಸಿದೆ. ಈ ವಿಂಗಡಣೆ ಸ್ವಾಗತಾರ್ಹ. ಆದರೆ ಪಣವಿಲ್ಲದೆಯೂ ಜೇಬಿಗೆ ಕೈಹಾಕುವ ಆಟಗಳಿವೆ. ಮಗುವಿನ ತಾಳ್ಮೆಯನ್ನು ಬೇಕೆಂದೇ ಪರೀಕ್ಷಿಸಿ, ಬಳಿಕ ತಾಯ್ತಂದೆಯರ ಹಣದಿಂದ ಪರಿಹಾರ ಮಾರುವ ಇಂಥವನ್ನೆಲ್ಲ ಕಾನೂನಿನ ಜರಡಿಯೊಂದೇ ಹಿಡಿಯಲಾರದು.

ಇಲ್ಲಿ ನೆರವಿಗೆ ಬರುವುದು ಆಡಿ ಕಂಡವರ ಮಾತು. ತರಕಾರಿಯನ್ನು ಮುಟ್ಟಿ ನೋಡಿ ಕೊಳ್ಳುವ ನಾವು, ಮಗುವಿನ ಕೈಗೆ ಫೋನ್ ಕೊಡುವಾಗ ಅಷ್ಟೂ ವಿಚಾರಿಸುವುದಿಲ್ಲ. ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಬೈಯುವ ಬದಲು, ಮೊದಲು ಆಟಗಾರರ ಅಭಿಪ್ರಾಯಗಳನ್ನು ಓದೋಣ. ಸಾಧ್ಯವಾದರೆ ಮಗುವಿನ ಪಕ್ಕ ಕುಳಿತು ಒಂದೆರಡು ಗೋಪುರಗಳನ್ನೂ ಕಟ್ಟೋಣ. ಸೋಲುವುದು ಬಹುಶಃ ನಾವೇ. ಆದರೆ ಯಾವ ಆಟ ಮಗುವಿಗೆ ಲೆಕ್ಕ ಕಲಿಸುತ್ತಿದೆ, ಯಾವುದು ನಮ್ಮ ಲೆಕ್ಕ ತಪ್ಪಿಸುತ್ತಿದೆ ಎಂಬುದಾದರೂ ತಿಳಿದೀತು.