ಟೈಲ್ಸ್ ಹಾಕಿಸಿ, ಒಂದಡಿ ಮಣ್ಣು ಬಿಟ್ಟು (ಕೈತೋಟ ಮಾತು, ಭಾಗ 6)

ನಿಮ್ಮನೆ ಮುಂದೆನೂ ಟೈಲ್ಸ್ ಹಾಕಿಸ್ತಿದ್ದಾರಾ? ಹಾಗಾದ್ರೆ ಇದನ್ನ ಮನೆಯವರಿಗೂ ಓದಿ ಹೇಳಿ. ಪೂರ್ತಿ ಮುಚ್ಚಬೇಡಿ, ಕಾಂಪೌಂಡ್ ಪಕ್ಕ ಒಂದಡಿ ಅಗಲ ಮಣ್ಣು ಉಳಿಸಿ. ಯಾಕೆ ಅಂದ್ರೆ ಫೋಟೋ ನೋಡಿ: ಗುಲಾಬಿ ಬಣ್ಣದ ರೈನ್ ಲಿಲ್ಲಿ, ಮಳೆ ಬಂದ ಮೂರನೇ ದಿನ ತೆಗೆದದ್ದು.

"ಮಣ್ಣಿದ್ರೆ ಕೆಸರು" ಅಂತಾರೆ. ಒಪ್ಪಿದೆ. ಆದ್ರೆ ಎಲ್ಲಾ ಮುಚ್ಚಿದ ಮೇಲೆ ಅದೇ ನೀರು ರಸ್ತೆಗೆ ಹೋಗಿ ನಿಲ್ಲುತ್ತೆ, ಆಗ ಕಾರ್ಪೊರೇಷನ್‌ನವರನ್ನ ಬೈತೀವಿ. ಆಮೇಲೆ ಟೈಲ್ಸ್ ಬೋಳು ಕಾಣುತ್ತೆ ಅಂತ ನರ್ಸರಿಯಿಂದ ಪೆಟೂನಿಯಾ ಕುಂಡ ತರೋದು, ಸೀಸನ್ ಮುಗಿದ್ರೆ ಕಸದ ಗಾಡಿಗೆ ಹಾಕೋದು. ವರ್ಷಾ ವರ್ಷಾ ಅದೇ ಖರ್ಚು. ರೈನ್ ಲಿಲ್ಲಿ ಹಾಗಲ್ಲ ಕಣ್ರೋ, ಡಿಪ್ರಿಸಿಯೇಷನ್ನೇ ಇಲ್ಲದ ಅಸೆಟ್. ಒಂದು ಗೆಡ್ಡೆ ಪಕ್ಕದಲ್ಲೇ ಮರಿ ಹಾಕುತ್ತೆ, ಎರಡು-ಮೂರು ವರ್ಷಕ್ಕೆ ದೊಡ್ಡ ಗುಂಪು. (ಅಕೌಂಟ್ಸ್ ಮೇಷ್ಟ್ರು ಒಪ್ಪಲ್ಲ, ಗೊತ್ತು.)

ಇದರ ಮೂಲ ಮೆಕ್ಸಿಕೋ, ಮಧ್ಯ ಅಮೆರಿಕ ಕಡೆ. ಸಸ್ಯಶಾಸ್ತ್ರದ ಹೆಸರು ಜೆಫಿರಾಂಥಸ್, ಅಂದ್ರೆ ಪಡುವಣ ಗಾಳಿಯ ಹೂ. ನಮಗೆ ಮುಂಗಾರು ತರೋದೂ ಆ ದಿಕ್ಕಿನ ಗಾಳಿನೇ ಅಲ್ವಾ, ನಮ್ಮೂರಿಗೆ ಸರಿಯಾಗಿ ಹೊಂದಿಕೊಂಡಿದೆ.

ಆರೈಕೆ ಅಂತ ಹೆಚ್ಚೇನಿಲ್ಲ. ಬಿಸಿಲು ಬೀಳೋ ಜಾಗ, ನೀರು ನಿಲ್ಲದ ಮಣ್ಣು, ಎರಡಿಂಚು ಆಳ. ದಿನಾ ನೀರು ಸುರಿದು ಮುದ್ದು ಮಾಡಬೇಡಿ. ಗೆಡ್ಡೆ ಸ್ವಲ್ಪ ದಿನ ಒಣಗಿ, ಆಮೇಲೆ ಜೋರು ಮಳೆ ಬಿದ್ರೆ ಮೊಗ್ಗು ಒಟ್ಟಿಗೇ ಎದ್ದು ಬರುತ್ತೆ. ಒಂದೊಂದು ಹೂ ಒಂದೆರಡು ದಿನ ಇರುತ್ತೆ, ಅಷ್ಟೇ. ಉಳಿದ ಸಮಯ ನೋಡೋಕೆ ಬರೀ ಹುಲ್ಲು. ಕಳೆ ಅಂದ್ಕೊಂಡು ಜನ ಕೀಳೋದು ಆವಾಗಲೇ! ಹಸಿರೆಲೆ ಕತ್ತರಿಸಲೂಬೇಡಿ, ಗೆಡ್ಡೆಗೆ ಊಟ ಅಲ್ಲಿಂದಲೇ. ಕಪ್ಪು ಮೈ ಮೇಲೆ ಬಿಳಿ-ಕೆಂಪು ಚುಕ್ಕೆ ಇರೋ ಹುಳ ಕಂಡ್ರೆ ಮಾತ್ರ ಬಿಡಬೇಡಿ, ಕಡ್ಡೀಲಿ ಎತ್ತಿ ಸೋಪಿನ ನೀರಿಗೆ ಹಾಕಿ. ಬಿಟ್ರೆ ಎಲೆಯೆಲ್ಲಾ ಖಾಲಿ.

ನಮ್ಮದು ಬಾಡಿಗೆ ಮನೆ. ಮುಂದಿನ ತಿಂಗಳು ಓನರ್ ಅಂಗಳ ಪೂರ್ತಿ ಮುಚ್ಚಿಸ್ತಾರಂತೆ. ಒಂದಡಿ ಬಿಡಿ ಅಂಕಲ್ ಅಂತ ಅಮ್ಮ ಒಂದ್ಸಲ, ನಾನು ಎರಡು ಸಲ ಕೇಳಿದ್ದೀವಿ. "ನೋಡೋಣ" ಅಂದಿದ್ದಾರೆ. ಅವರ ಜಾಗ, ಹೆಚ್ಚು ಮಾತಾಡೋ ಹಾಗಿಲ್ಲ. ಅದಕ್ಕೇ ಅರ್ಧ ಗೆಡ್ಡೆ ಈಗಲೇ ಹಂಚ್ತಿದ್ದೀನಿ. ಆನ್‌ಲೈನಲ್ಲಿ ದುಡ್ಡು ಕೊಟ್ಟು ತರಿಸಬೇಡಿ, ಮೆಸೇಜ್ ಮಾಡಿ, ಸೋಮವಾರ ಪೇಪರಲ್ಲಿ ಸುತ್ತಿ ಕಾಲೇಜಿಗೆ ತರ್ತೀನಿ. ಮನೆಗೆ ಹೋದ ತಕ್ಷಣ ನೆಡಿ, ಅಡುಗೆಮನೆಯಲ್ಲಿ ಇಡಬೇಡಿ. ನೋಡೋಕೆ ಸಾಂಬಾರ್ ಈರುಳ್ಳಿ ಥರಾನೇ ಇರುತ್ತೆ, ಆದ್ರೆ ವಿಷ. ನಾಯಿ, ಬೆಕ್ಕು ಇರೋರು ಎರಡು ಸಲ ಯೋಚನೆ ಮಾಡಿ ಕೇಳಿ.